ಎಂಟು ಕಿಲೋಮೀಟರಿನ ಸುತ್ತು

ಅನಾಹುತಕ್ಕೆಲ್ಲ ಕಾರಣ ಎರಡೂವರೆ ಅಕ್ಷರ.

ಭಾನುವಾರ ಬೆಳಗಿನ ಏಳು ಗಂಟೆ. ಮುದ್ರಣಾಲಯದ ಕಾಗದ ಸಾಗಿಸುವ ಹಳೆಯ ವ್ಯಾನು ಪರ್ವತದ ರಸ್ತೆಯಲ್ಲಿ ಉಬ್ಬಸದ ಮುದುಕನಂತೆ ಏದುಸಿರು ಬಿಡುತ್ತ ಹತ್ತುತ್ತಿತ್ತು. ಮುಂದಿನ ಸೀಟಿನಲ್ಲಿ ಯಜಮಾನರು. ಅವರ ಕೈಯಲ್ಲಿ ತಮ್ಮದೇ ಪ್ರೆಸ್ಸಿನಲ್ಲಿ ಅಚ್ಚಾದ, ಇನ್ನೂ ಶಾಯಿಯ ವಾಸನೆ ಆರದ ಚಾರಣದ ಕೈಪಿಡಿ. ಹಿಂದಿನ ಸೀಟಿನಿಂದ ಕತ್ತು ಚಾಚಿದ ಕರಡು ತಿದ್ದುವವನಿಗೆ ಅದರ ಒಂದು ಸಾಲು ಕಣ್ಣಿಗೆ ಬಿತ್ತು. ‘ಸುತ್ತಿನ ಒಟ್ಟು ದೂರ ಎಂಟು ಕಿಲೋಮೀಟರ್.’

ಅವನು ಚಾಚಿದ ಕತ್ತನ್ನು ತಟ್ಟನೆ ಒಳಗೆಳೆದುಕೊಂಡ.

ಹಸ್ತಪ್ರತಿಯಲ್ಲಿ ಇದ್ದದ್ದು ಹದಿನೆಂಟು. ಅವನಿಗೆ ಚೆನ್ನಾಗಿ ನೆನಪಿತ್ತು. ಬರೆದವರು ‘ಹದಿನೇಂಟು’ ಎಂದು ದೀರ್ಘ ಕೊಟ್ಟಿದ್ದರು, ಅವನೇ ಕೆಂಪು ಶಾಯಿಯಲ್ಲಿ ದೀರ್ಘ ಹೊಡೆದು ಹಾಕಿದ್ದ. ಆ ವಾರ ದವಡೆಯ ಹಲ್ಲು ನೋವಿನಿಂದ ಕೆನ್ನೆ ಊದಿ, ತಲೆಗೆ ಕರ್ಚೀಫು ಕಟ್ಟಿಕೊಂಡೇ ಕರಡು ನೋಡಿದ್ದ. ಆ ಗಡಿಬಿಡಿಯಲ್ಲಿ ‘ಹದಿನ್’ ಎಂಬ ಎರಡೂವರೆ ಅಕ್ಷರ ಎಲ್ಲೋ ಉದುರಿ ಹೋಗಿದೆ. ಹತ್ತು ಕಿಲೋಮೀಟರ್ ಪರ್ವತ ಅವನ ಲೇಖನಿಯ ಕೆಳಗೆ ಮಾಯವಾಗಿದೆ.

ಪ್ರೆಸ್ಸಿನಲ್ಲಿ ಅವನನ್ನು ಎಲ್ಲರೂ ಅಲ್ಪವಿರಾಮ ಎಂದೇ ಕರೆಯುತ್ತಿದ್ದರು. ವರ್ಷಗಟ್ಟಲೆ ಮೇಜಿನ ಮೇಲೆ ಬಗ್ಗಿ ಬಗ್ಗಿ ಬೆನ್ನು ಆ ಆಕಾರಕ್ಕೆ ಬಂದಿತ್ತು. ಮಾತಾಡುವಾಗಲೂ ನಾಲ್ಕು ಪದಕ್ಕೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ಈಗ ಮಾತ್ರ ಆ ಉಸಿರೂ ಸಿಗಲಿಲ್ಲ.

“ಇಪ್ಪತ್ತು ಸಾವಿರ ಪ್ರತಿ!” ಯಜಮಾನರು ಕೈಪಿಡಿಯನ್ನು ಮಗುವಿನಂತೆ ಸವರುತ್ತ ಹೇಳಿದರು. “ನಾಳೆ ಬೆಳಿಗ್ಗೆ ಹತ್ತಕ್ಕೆ ಅರಣ್ಯ ಇಲಾಖೆಯ ಲಾರಿ ಬರುತ್ತೆ. ಸರ್ಕಾರಿ ಕೆಲಸ ಮೊದಲನೇ ಸಲ ನಮಗೆ ಸಿಕ್ಕಿರೋದು. ಒಂದು ತಪ್ಪು, ಒಂದೇ ಒಂದು ತಪ್ಪು ಸಿಕ್ಕಿದ್ರೂ ಪ್ರೆಸ್ಸಿಗೆ ಬೀಗ ಹಾಕ್ಬೇಕಾಗುತ್ತೆ.”

“ಬೀಗ ಹಾಕೋ ಮುಂಚೆ ತಪ್ಪು ಮಾಡಿದೋನ್ನ ಒಳಗಡೆ ಬಿಟ್ಟು ಹಾಕಿ ಸಾರ್,” ಎಂದು ವ್ಯಾನು ಓಡಿಸುತ್ತಿದ್ದ ಮೆಷಿನ್ ಮಾವ ಸಲಹೆ ಕೊಟ್ಟ. ಅಚ್ಚಿನ ಯಂತ್ರ ನೋಡಿಕೊಳ್ಳುತ್ತಿದ್ದ ಅವನು ಪ್ರಪಂಚದ ಸಕಲರಿಗೂ ಸಲಹೆ ಕೊಡುತ್ತಿದ್ದುದರಿಂದ ಎಲ್ಲರಿಗೂ ಮಾವನಾಗಿದ್ದ.

ಅಲ್ಪವಿರಾಮನಿಗೆ ಹಿಂದಿನ ಕರಡು ತಿದ್ದುವವನ ಗತಿ ನೆನಪಾಯಿತು. ಒಂದು ಮದುವೆಯ ಕಾಗದದಲ್ಲಿ ‘ಶುಭ ವಿವಾಹ’ ಹೋಗಿ ‘ಶುಭ ವಿವಾದ’ ಎಂದು ಅಚ್ಚಾಗಿತ್ತು. ಆ ದಂಪತಿ ಮೂರೇ ತಿಂಗಳಲ್ಲಿ ಬೇರೆಯಾದಾಗ ಹುಡುಗಿಯ ಅಪ್ಪ ನೇರವಾಗಿ ಪ್ರೆಸ್ಸಿಗೆ ಬಂದು ಜಗಳವಾಡಿದ್ದ. ಅವತ್ತೇ ಸಂಜೆ ಆ ಬಡಪಾಯಿ ತನ್ನ ಕನ್ನಡಕದ ಡಬ್ಬಿ, ಛತ್ರಿ ಎತ್ತಿಕೊಂಡು ಮನೆಗೆ ಹೋದವನು ಮತ್ತೆ ಬರಲಿಲ್ಲ.

“ಏನಪ್ಪಾ ಅಲ್ಪವಿರಾಮ, ಮುಖ ಯಾಕೆ ಬಿಳಿ ಕಾಗದ ಆಗಿದೆ?” ಪಕ್ಕದಲ್ಲಿ ಕೂತಿದ್ದ ಬೈಂಡರಕ್ಕ ಕೇಳಿದಳು. ಪುಸ್ತಕ ಹೊಲಿಯುವ ಆಕೆಯ ಕಣ್ಣು ಸೂಜಿಯಷ್ಟೇ ಚೂಪು.

“ತಿರುವು ಜಾಸ್ತಿ ಅಕ್ಕಾ, ಹೊಟ್ಟೆ ತೊಳಸ್ತಿದೆ.”

“ಈ ಕಿಟಕಿ ಕಡೆ ಬಾ. ನನ್ನ ಹೊಸ ಸ್ವೆಟರ್ ಮೇಲೆ ಮಾತ್ರ ಬೇಡ.”

ಇಡೀ ವ್ಯಾನಿನಲ್ಲಿ ಉತ್ಸಾಹದಿಂದ ಇದ್ದವರು ಯಜಮಾನರ ಅತ್ತೆ. ವಯಸ್ಸು ಎಪ್ಪತ್ತೊಂದು. ಮಗಳಿಗೆ ನೆಗಡಿಯಾಗಿ ಬರುವುದಿಲ್ಲವೆಂದಾಗ ಆ ಜಾಗಕ್ಕೆ ತಾವೇ ಬಂದು ಕೂತಿದ್ದರು. ಅಳಿಯ ಬೇಡವೆಂದು ಹೇಳುವಷ್ಟರಲ್ಲಿ ಛತ್ರಿ ಸಮೇತ ಸೀಟು ಹಿಡಿದಾಗಿತ್ತು. “ಎಂಟೇ ಕಿಲೋಮೀಟರ್ ತಾನೆ? ನಾನು ದಿನಾ ತರಕಾರಿಗೆ ಅಷ್ಟು ನಡೀತೀನಿ,” ಎಂದರು.

ಎಪ್ಪತ್ತೊಂದು ವರ್ಷದ ಅಮ್ಮ. ಹದಿನೆಂಟು ಕಿಲೋಮೀಟರ್. ಅಲ್ಪವಿರಾಮ ಕಣ್ಣು ಮುಚ್ಚಿದ. ಈಗಲೇ ಹೇಳಿಬಿಡಲೇ? ನಾಲಿಗೆ ತುದಿಗೆ ಬಂದದ್ದನ್ನು ಇನ್ನೊಂದು ತಿರುವು ವಾಪಸು ಗಂಟಲಿಗೆ ತಳ್ಳಿತು. ಆ ಕೈಪಿಡಿಯನ್ನು ಕೇಳಿ ಪಡೆದು ಇನ್ನೊಮ್ಮೆ ಓದಿ ನೋಡುವ ಧೈರ್ಯವೂ ಅವನಿಗೆ ಬರಲಿಲ್ಲ, ಗಾಯದ ಪಟ್ಟಿ ಬಿಚ್ಚಿ ನೋಡಲು ಹೆದರುವ ರೋಗಿಯಂತೆ.

ವ್ಯಾನು ನಿಂತಾಗ ಯಜಮಾನರು ಇಳಿದು, ಹೊಸ ಬೂಟುಗಳನ್ನು ಎರಡು ಸಲ ನೆಲಕ್ಕೆ ಕುಟ್ಟಿ, ಅವನ ಹೆಗಲ ಮೇಲೆ ಕೈಯಿಟ್ಟರು. “ಈ ಕೈಪಿಡಿನ ಮೂರು ಸಲ ಓದಿರೋನು ನೀನೊಬ್ಬನೇ. ಇವತ್ತು ನೀನೇ ನಮ್ಮ ಗೈಡು. ನಡಿ ಮುಂದೆ!”

ಮೊದಲ ಅರ್ಧ ಗಂಟೆ ದಾರಿ ಸಾಧುವಾಗಿತ್ತು. ಪೈನ್ ಮರಗಳ ನಡುವೆ ಮೆತ್ತನೆಯ ನೆಲ. ಒಂದು ತೊರೆಗೆ ಅಡ್ಡಲಾಗಿ ಮರದ ಸೇತುವೆ. ಸೇತುವೆ ದಾಟಿದ ಕೂಡಲೇ ದಾರಿ ಎರಡಾಯಿತು. ಎಡಗಡೆಯದು ಅಗಲವಾಗಿ, ನೆರಳಾಗಿ, ಹುಲ್ಲುಗಾವಲಿನ ಕಡೆ ಆರಾಮವಾಗಿ ಹೊರಟಿತ್ತು. ಬಲಗಡೆಯದು ಬಂಡೆಗಳ ನಡುವೆ ಗೋಡೆ ಹತ್ತುವ ಹಲ್ಲಿಯಂತೆ ಮೇಲಕ್ಕೆ ಏರಿತ್ತು. ನಡುವೆ ನಿಂತಿದ್ದ ಫಲಕದ ಅಕ್ಷರಗಳನ್ನು ಬಿಸಿಲು, ಹಿಮ ಎರಡೂ ಸೇರಿ ನೆಕ್ಕಿ ಹಾಕಿದ್ದವು.

“ಎಡಕ್ಕೆ ಅಂತಿದೆ,” ಯಜಮಾನರು ಕೈಪಿಡಿ ನೋಡಿ ಹೇಳಿದರು.

ಅಲ್ಪವಿರಾಮನ ತಲೆಯೊಳಗೆ ಅಲ್ಲೋಲಕಲ್ಲೋಲ. ದೂರವನ್ನೇ ತಪ್ಪಿಸಿದವನು ದಿಕ್ಕು ತಪ್ಪಿಸಿರುವುದಿಲ್ಲವೆಂದು ಏನು ಖಾತ್ರಿ? ಹಸ್ತಪ್ರತಿಯಲ್ಲಿ ಆ ಜಾಗದಲ್ಲಿ ಏನೋ ಹೊಡೆದು, ಮೇಲೆ ಏನೋ ಬರೆದಿತ್ತು. ಅದು ‘ಬಲ’ ಇದ್ದಿರಬೇಕು. ಹದಿನೆಂಟು ಕಿಲೋಮೀಟರಿನ ದಾರಿ ಯಾವತ್ತಾದರೂ ಹೀಗೆ ಹುಲ್ಲು ಹಾಸಿಕೊಂಡು ಕರೆಯುತ್ತದೆಯೇ? ಎಡಕ್ಕೆ ಹೋದರೆ ಎಲ್ಲರೂ ಕಾಡಿನಲ್ಲಿ ಕಳೆದುಹೋಗುತ್ತಾರೆ. ಕೆಲಸ ಹೋದರೆ ಹೋಗಲಿ, ಜೀವ ಉಳಿಸಬೇಕು.

“ಬಲಕ್ಕೆ,” ಎಂದ.

“ಇಲ್ಲಿ ಎಡ ಅಂತಿದೆಯಲ್ಲೋ?”

“ಸುತ್ತು ಅಲ್ವಾ ಸಾರ್. ಎಡಕ್ಕೆ ಹೋದೋರು, ಬಲಗಡೆಯಿಂದ ಬರ್ತಾರೆ. ಬಲಕ್ಕೆ ಹೋದೋರು, ಎಡಗಡೆಯಿಂದ. ಕಷ್ಟದ ಏರು, ಬೆಳಿಗ್ಗೇನೇ ಮುಗಿಸಿಬಿಟ್ರೆ, ಆಮೇಲೆ ಇಳಿಜಾರು.”

ಯಜಮಾನರು ಮೆಚ್ಚುಗೆಯಿಂದ ತಲೆದೂಗಿದರು. “ನೋಡಿ, ಓದಿಕೊಂಡೋರ ತಲೆ ಅಂದ್ರೆ ಇದು.”

ಓದಿಕೊಂಡವರ ತಲೆಯ ಹಿಂದೆ ಉಳಿದ ನಾಲ್ಕು ತಲೆಗಳು ಬಂಡೆ ಹತ್ತತೊಡಗಿದವು.

ಒಂದು ಗಂಟೆಯ ಮೇಲೆ ಮೊದಲ ಜಲಪಾತ ಸಿಕ್ಕಿತು. ಬಂಡೆಯ ನೆತ್ತಿಯಿಂದ ನೀರು ಬಿಳಿ ಬಟ್ಟೆಯ ಥಾನು ಬಿಚ್ಚಿದಂತೆ ಇಳಿಯುತ್ತಿತ್ತು. ಎಲ್ಲರೂ ಆಹಾ ಎಂದರು. ಮೆಷಿನ್ ಮಾವ ಮಾತ್ರ ಬಂಡೆಗೊರಗಿ ಮಂಡಿ ಹಿಡಿದುಕೊಂಡ. “ದೂರದ ಬೆಟ್ಟ ನುಣ್ಣಗೆ ಅಂತ ಸುಮ್ನೆ ಹೇಳ್ಲಿಲ್ಲ ಹಿರಿಯರು. ಅವರಿಗೂ ಮಂಡಿ ಇತ್ತು.”

ಅಲ್ಪವಿರಾಮನಿಗೆ ಒಂದು ಉಪಾಯ ಹೊಳೆಯಿತು. ಆ ಕೈಪಿಡಿಯೇ ಇಲ್ಲದಿದ್ದರೆ ದಾರಿಯಲ್ಲಿ ಯಾರೂ ಲೆಕ್ಕ ನೋಡುವುದಿಲ್ಲ. ರಾತ್ರಿಯೊಳಗೆ ಏನಾದರೂ ದಾರಿ ಯೋಚಿಸಬಹುದು. “ಸಾರ್, ಜಲಪಾತದ ಮುಂದೆ ಕೈಪಿಡಿ ಹಿಡ್ಕೊಂಡು ಒಂದು ಫೋಟೋ,” ಎಂದು ಇಸಿದುಕೊಂಡ. ಕೈ ಚಾಚಿದ. “ಅಯ್ಯೋ, ಜಾರಿತು!”

ಕೈಪಿಡಿ ನೀರಿಗೆ ಬೀಳಲಿಲ್ಲ. ಜಲಪಾತದ ಗಾಳಿ ಅದನ್ನು ಎತ್ತಿ, ಒಂದು ಸುತ್ತು ಹೊಡೆಸಿ, ಯಜಮಾನರ ಮುಖಕ್ಕೆ ಅಂಚೆಚೀಟಿಯಂತೆ ಅಂಟಿಸಿತು. ಅವರು ಅದನ್ನು ಬಿಡಿಸಿ ಒರೆಸಿಕೊಂಡರು. “ಒದ್ದೆ ಆಯ್ತಲ್ಲೋ. ಹೋಗ್ಲಿ ಬಿಡು. ಆ ಚೀಲದಲ್ಲಿ ಇನ್ನೂ ಐವತ್ತಿದೆ. ದಾರೀಲಿ ಸಿಕ್ಕೋರಿಗೆಲ್ಲ ಹಂಚೋಣ ಅಂತ ತಂದೆ.”

ಆ ಚೀಲ ಬೆಳಗಿನಿಂದ ಅಲ್ಪವಿರಾಮನ ಬೆನ್ನ ಮೇಲೇ ಇತ್ತು.

ಎರಡನೇ ಜಲಪಾತ ಸಿಕ್ಕಾಗ ಯಜಮಾನರ ಹುಬ್ಬು ಮೇಲೇರಿತು. “ಇದರಲ್ಲಿ ಒಂದೇ ಜಲಪಾತ ಅಂತಿದೆ.”

“ಅದೇ ನೀರು ಸಾರ್. ಎರಡು ಸಲ ಬೀಳ್ತಿದೆ, ಅಷ್ಟೆ.”

ಮೂರನೆಯದು ಸಿಕ್ಕಾಗ ಯಜಮಾನರು ಏನೂ ಕೇಳಲಿಲ್ಲ, ಕೇಳಲು ಉಸಿರಿರಲಿಲ್ಲ. ಅಲ್ಪವಿರಾಮ ತಾನೇ ತನ್ನೊಳಗೆ ಕುಸಿಯುತ್ತಿದ್ದ. ಒಂದು ಸಂಖ್ಯೆಯಷ್ಟೇ ತಪ್ಪಿದೆ ಎಂದುಕೊಂಡಿದ್ದ. ಈಗ ನೋಡಿದರೆ ಜಲಪಾತಗಳನ್ನೇ ನುಂಗಿದ್ದಾನೆ. ಒಂದಿಡೀ ಪ್ಯಾರಾ ಹಾರಿಸಿರಬೇಕು, ಇಲ್ಲ ಒಂದು ಪುಟವನ್ನೇ. ಕೈಪಿಡಿಯಲ್ಲಿ ‘ಎಲ್ಲ ವಯಸ್ಸಿನವರಿಗೂ ಸುಲಭ’ ಎಂದಿತ್ತು. ಮೂಲದಲ್ಲಿ ಅದು ‘ದುರ್ಲಭ’ ಇದ್ದಿರಬೇಕು! ಮುಂದೆ ಸಿಕ್ಕ ಪ್ರತಿಯೊಂದು ಕಡಿದಾದ ಬಂಡೆಯೂ, ಪ್ರತಿಯೊಂದು ಜಾರುವ ಪಾಚಿಯೂ ಅವನಿಗೆ ತನ್ನ ಹಲ್ಲುನೋವಿನ ವಾರದ ತಪ್ಪಿನಂತೆ ಕಾಣತೊಡಗಿತು.

ಪಾಪಪ್ರಜ್ಞೆ ತಡೆಯಲಾರದೆ ಅವನು ಬೈಂಡರಕ್ಕನ ಚೀಲ ಇಸಿದುಕೊಂಡ. ಆಮೇಲೆ ಮೆಷಿನ್ ಮಾವನದು. ಆಮೇಲೆ ಯಜಮಾನರದು. ಬೆನ್ನಿಗೆ ಎರಡು, ಎದೆಗೆ ಎರಡು, ಕುತ್ತಿಗೆಗೆ ನೀರಿನ ಬಾಟಲಿಗಳು. ಹಿಂದಿನಿಂದ ನೋಡಿದರೆ ಮನುಷ್ಯ ಕಾಣುತ್ತಿರಲಿಲ್ಲ, ಲಗೇಜು ತಾನೇ ಕಾಲು ಮೂಡಿಸಿಕೊಂಡು ಹತ್ತುತ್ತಿದ್ದಂತಿತ್ತು.

“ಎಂಥಾ ಒಳ್ಳೇ ಹುಡುಗ!” ಅತ್ತೆಯವರು ತಮ್ಮ ಛತ್ರಿಯನ್ನೂ ಅವನ ಕಂಕುಳಿಗೆ ಸಿಕ್ಕಿಸಿ ಮುಂದೆ ನಡೆದರು. ನಲವತ್ತೈದರ ಒಳ್ಳೇ ಹುಡುಗನ ಕಣ್ಣಲ್ಲಿ ನೀರು ಬಂತು.

ನಡುಮಧ್ಯಾಹ್ನಕ್ಕೆ ಸರೋವರ ಸಿಕ್ಕಿತು. ಸುತ್ತ ಬೋಳು ಬಂಡೆ, ಅಲ್ಲಲ್ಲಿ ಕರಗದೆ ಉಳಿದ ಹಿಮದ ತುಣುಕು, ನಡುವೆ ನೀಲಿ ಶಾಯಿ ಚೆಲ್ಲಿದಂಥ ನೀರು. ಒಂದು ಕ್ಷಣ ಎಲ್ಲರೂ ನೋವು ಮರೆತು ನಿಂತರು.

“ಬೆಂಚೆಲ್ಲಿ?” ಯಜಮಾನರು ಕೇಳಿದರು.

“ಬೆಂಚು ಸಾರ್?”

“‘ದಡದಲ್ಲಿ ಕುಳಿತು ವಿಶ್ರಮಿಸಲು ಕಲ್ಲುಬೆಂಚುಗಳಿವೆ.’ ಓದು. ಬೆಂಚೆಲ್ಲಿ?”

ಅಲ್ಪವಿರಾಮ ಸುತ್ತ ನೋಡಿದ. ಬೆಂಚಿನಂಥದ್ದು ಏನೂ ಇರಲಿಲ್ಲ. “ಕಲ್ಲು ಇದೆ ಸಾರ್,” ಎಂದ ಮೆಲ್ಲಗೆ. “ಬೆಂಚು, ನಾವೇ ಅಂದ್ಕೋಬೇಕು.”

ಯಜಮಾನರು ಒಂದು ಕಲ್ಲನ್ನು ಬೆಂಚು ಅಂದುಕೊಂಡು ಕೂತರು. ಅದು ಹಾಗಂದುಕೊಂಡಿರಲಿಲ್ಲ. ಉರುಳಿತು. ಯಜಮಾನರು ಸೊಂಟದವರೆಗೆ ಸರೋವರದಲ್ಲಿ ಕೂತರು. ಹಿಮ ಕರಗಿದ ನೀರು. ಅವರ ಬಾಯಿಂದ ಹೊರಟ ಕೂಗಿಗೆ ನಾಲ್ಕು ದಿಕ್ಕಿನ ಬೆಟ್ಟಗಳೂ ಒಂದೊಂದಾಗಿ ಓಗೊಟ್ಟವು.

ಮೆಷಿನ್ ಮಾವ, ಬೈಂಡರಕ್ಕ ಸೇರಿ ಅವರನ್ನು ಎಳೆದು ದಡಕ್ಕೆ ಹಾಕಿದರು. ಚೀಲಗಳ ನಡುವೆ ಸಿಕ್ಕಿಕೊಂಡಿದ್ದ ಅಲ್ಪವಿರಾಮನಿಗೆ ಬಗ್ಗಲು ಆಗಲಿಲ್ಲ, ಬಗ್ಗಿದ್ದರೆ ಮತ್ತೆ ಏಳಲು ಆಗುತ್ತಿರಲಿಲ್ಲ. ಯಜಮಾನರ ಎಡಗಾಲಿನ ಬೂಟು ನೀರಿನಲ್ಲೇ ಉಳಿಯಿತು. ಅಲ್ಪವಿರಾಮ ಚೀಲಗಳನ್ನು ಇಳಿಸಿ, ತನ್ನ ಎಡಗಾಲಿನ ಬೂಟು ಬಿಚ್ಚಿ ಯಜಮಾನರ ಮುಂದಿಟ್ಟ. ತಾನು ಆ ಕಾಲಿಗೆ ಮೂರು ಕಾಲುಚೀಲಗಳನ್ನು ಒಂದರ ಮೇಲೊಂದು ಎಳೆದುಕೊಂಡ.

“ಇವನಿಗೇನೋ ಆಗಿದೆ,” ಬೈಂಡರಕ್ಕ ಮೆಷಿನ್ ಮಾವನ ಕಿವಿಯಲ್ಲಿ ಪಿಸುಗುಟ್ಟಿದಳು. “ಸಂಬಳ ಜಾಸ್ತಿ ಕೇಳೋನು ಕೂಡ ಇಷ್ಟು ಮಾಡಲ್ಲ.”

“ಪ್ರೀತಿ ಇರಬಹುದು.”

“ಯಾರ ಮೇಲೆ? ಯಜಮಾನರ ಮೇಲಾ?”

ಅಷ್ಟರಲ್ಲಿ ಮೇಲಿನಿಂದ ಇಬ್ಬರು ಚಾರಣಿಗರು ಇಳಿದು ಬಂದರು. ಕೈಯಲ್ಲಿ ಕೋಲು, ಬೆನ್ನಿಗೆ ಹಗ್ಗ, ಮುಖದ ತುಂಬ ಬಿಸಿಲಿನ ಸಿಪ್ಪೆ. ಒದ್ದೆ ಪ್ಯಾಂಟಿನ ಯಜಮಾನರನ್ನೂ, ಸೇಬು ಕಡಿಯುತ್ತಿದ್ದ ಅತ್ತೆಯವರನ್ನೂ ನೋಡಿ ಒಬ್ಬ ಕೇಳಿದ. “ಡೇರೆ ತಂದಿದೀರಾ?”

“ಡೇರೆ ಯಾಕೆ?” ಯಜಮಾನರು ಹಲ್ಲು ಕಟಕಟಿಸುತ್ತ ಕೇಳಿದರು.

“ಸಾಮಾನ್ಯವಾಗಿ ಜನ ಇದನ್ನ…”

“ಹೊರಡೋಣ! ಹೊರಡೋಣ!” ಅಲ್ಪವಿರಾಮ ಕಿರುಚಿದ. “ಒದ್ದೇಲಿ ಕೂತ್ರೆ ಸಾರ್‌ಗೆ ಜ್ವರ ಬರುತ್ತೆ!” ಎಂದು ಎಲ್ಲರನ್ನೂ ಕುರಿಗಳಂತೆ ಅಟ್ಟಿಕೊಂಡು ಹೊರಟ. ಹಿಂದೆ ಆ ಇಬ್ಬರು ಬಹಳ ಹೊತ್ತು ನಿಂತು ನೋಡುತ್ತಿದ್ದರು.

ಬೆಟ್ಟದ ತುದಿಗೆ ಏರುವ ದಾರಿ ಪುಡಿಗಲ್ಲಿನದು. ಎರಡು ಹೆಜ್ಜೆ ಮೇಲೆ ಇಟ್ಟರೆ ಒಂದು ಹೆಜ್ಜೆ ಕೆಳಗೆ ಜಾರುತ್ತಿತ್ತು.

“ಇನ್ನೆಷ್ಟಪ್ಪ?” ಅತ್ತೆಯವರು ಮೇಲಿನಿಂದ ಕೂಗಿದರು. ಅವರೊಬ್ಬರೇ ಎಲ್ಲರಿಗಿಂತ ಮುಂದಿದ್ದರು.

“ಇನ್ನು, ಒಂದು ಕಿಲೋಮೀಟರ್ ಅಮ್ಮಾ.”

“ಒಂದು ಗಂಟೆ ಹಿಂದೇನೂ ಒಂದೇ ಅಂದೆ.”

“ಬೆಟ್ಟದ ಕಿಲೋಮೀಟರ್ ಅಮ್ಮಾ, ಉದ್ದ ಸ್ವಲ್ಪ ಜಾಸ್ತಿ. ಚಳಿಗೆ ಹಿಗ್ಗುತ್ತೆ.”

“ಚಳಿಗೆ ಕುಗ್ಗಬೇಕಲ್ವೇನೋ?” ಎಂದ ಮೆಷಿನ್ ಮಾವ ನಾಲ್ಕು ಕಾಲಿನಲ್ಲಿ ಹತ್ತುತ್ತ.

ತುದಿ ಮುಟ್ಟಿದಾಗ ಆಲಿಕಲ್ಲು ಶುರುವಾಯಿತು. ಐವರೂ ಒಂದೇ ಛತ್ರಿಯ ಕೆಳಗೆ ತಲೆ ತೂರಿಸಿ ಕೂತರು. ಛತ್ರಿಯ ಮೇಲೆ ಕಡಲೆಗಾತ್ರದ ಕಲ್ಲುಗಳು ಟೈಪು ಮಾಡಿದಂತೆ ಸದ್ದು ಮಾಡುತ್ತಿದ್ದವು. ಆ ಕತ್ತಲಲ್ಲಿ ಯಜಮಾನರು ಇದ್ದಕ್ಕಿದ್ದಂತೆ ಬಹಳ ಶಾಂತವಾಗಿ ಮಾತಾಡಿದರು.

“ಇದು ಎಂಟು ಕಿಲೋಮೀಟರ್ ಅಲ್ಲ.”

ಬೈಂಡರಕ್ಕ ಛತ್ರಿಯನ್ನು ಗಾಳಿಗೆ ಎದುರಾಗಿ ತಿರುಗಿಸಿದಳು.

“ಈ ಕೈಪಿಡಿ ಬರೆದೋನು ಯಾರೇ ಆಗಿರಲಿ, ಅವನು ಜನ್ಮದಲ್ಲಿ ಈ ಬೆಟ್ಟ ಹತ್ತಿಲ್ಲ. ಎಲ್ಲೋ ಕುರ್ಚೀಲಿ ಕೂತು ಬರೆದಿದಾನೆ. ಕೆಳಗೆ ಹೋದ ತಕ್ಷಣ ಅವನ ಮೇಲಧಿಕಾರಿಗೆ ದೂರು ಕೊಡ್ತೀನಿ. ಅವನ ಕೆಲಸ ತೆಗೆಸ್ತೀನಿ. ನನ್ನ ಅತ್ತೆ ಆಣೆಗೂ!”

“ನನ್ನ ಮೇಲೆ ಯಾಕಪ್ಪ ಆಣೆ?” ಎಂದರು ಅತ್ತೆ.

ತನ್ನ ತಪ್ಪಿಗೆ ಇನ್ಯಾರದೋ ಕೆಲಸ! ಬರೆದವರು ಪಾಪ, ಹದಿನೆಂಟು ಎಂದೇ ಬರೆದಿದ್ದರು. ಒಂದು ದೀರ್ಘ ಹೆಚ್ಚು ಕೊಟ್ಟಿದ್ದರು, ಅಷ್ಟೆ. ಉದಾರಿ ಮನುಷ್ಯ. ಅಲ್ಪವಿರಾಮ ಬಾಯಿ ತೆರೆದ. ಮನೆಯಲ್ಲಿ ಹೆಂಡತಿ ಕಣ್ಣಮುಂದೆ ಬಂದಳು. ಅವಳ ತಮ್ಮ, ‘ಭಾವ ಮಾಡೋದು ಏನು ಕೆಲಸ, ಬೇರೆಯೋರ ತಪ್ಪು ಹುಡುಕೋದು ತಾನೆ’ ಎಂದು ನಗುವ ಮುಖವೂ ಬಂತು. ಬಾಯಿ ಮುಚ್ಚಿದ.

ಇಳಿಜಾರಿನಲ್ಲಿ ಎರಡನೇ ಸರೋವರ ಸಿಕ್ಕಿತು. ಯಾರೂ ಅದರ ಕಡೆ ತಿರುಗಿ ನೋಡಲಿಲ್ಲ. ಅತ್ತೆಯವರೊಬ್ಬರು ದಡದಲ್ಲಿ ನಿಂತು ಕೈಕಾಲು ಮುಖ ತೊಳೆದುಕೊಂಡು, ಎಷ್ಟು ಚೆನ್ನಾಗಿದೆ ಎಂದು ತಮಗೆ ತಾವೇ ಹೇಳಿಕೊಂಡು ಬಂದರು.

ಸಂಜೆ ಆರಕ್ಕೆ ವ್ಯಾನು ನಿಲ್ಲಿಸಿದ್ದ ಜಾಗವೂ, ಅದರ ಪಕ್ಕ ಬೆಳಿಗ್ಗೆ ಬೀಗ ಹಾಕಿದ್ದ ಅರಣ್ಯ ಇಲಾಖೆಯ ಕಾವಲು ಚೌಕಿಯ ತಗಡಿನ ಸೂರೂ ಕಂಡವು. ಒಲೆಯ ಪಕ್ಕ ಕೂತಿದ್ದ ಕಾವಲುಗಾರ ಎದ್ದು ಎಲ್ಲರಿಗೂ ಕಂಬಳಿ, ಬಿಸಿ ಚಹಾ ಕೊಟ್ಟ. ಐವತ್ತೆಂಟರ, ಖಾಕಿ ಕೋಟಿನ ಸಣಕಲು ಮನುಷ್ಯ. ಯಜಮಾನರ ಕೈಯಲ್ಲಿದ್ದ ಒದ್ದೆ ಕೈಪಿಡಿಯನ್ನು ನೋಡಿದ್ದೇ ಅವನ ಮುಖ ಹಣತೆಯಂತೆ ಬೆಳಗಿತು.

“ಅಚ್ಚಾಗಿ ಬಂತಾ ಸಾರ್! ಒಂದು ಕೊಡ್ತೀರಾ? ಮನೇಲಿ ತೋರಿಸ್ಬೇಕು. ಅದು ನಾನೇ ಬರೆದಿದ್ದು.”

ಬೈಂಡರಕ್ಕ ಚಹಾದ ಲೋಟವನ್ನು ತುಟಿಯಿಂದ ಇಳಿಸಿದಳು.

“ನೀನಾ?” ಯಜಮಾನರು ಎದ್ದು ನಿಂತರು. ಒಂದು ಕಾಲಿಗೆ ತಮ್ಮ ಬೂಟು, ಒಂದು ಕಾಲಿಗೆ ಇನ್ನೊಬ್ಬರದು. ಕಂಬಳಿ ಹೊದ್ದು ನಿಂತ ಅವರ ಆಕಾರ ಯುದ್ಧ ಸೋತು ಬಂದ ಸೇನಾಪತಿಯಂತಿತ್ತು. “ಎಂಟು ಕಿಲೋಮೀಟರಾ? ಇದು ಎಂಟಾ? ಎಪ್ಪತ್ತೊಂದು ವರ್ಷದೋರನ್ನ ಕರ್ಕೊಂಡು ಬಂದಿದೀನಿ! ಸತ್ತಿದ್ರೆ ಯಾರು ಹೊಣೆ? ನಿನ್ನ ಮೇಲಧಿಕಾರಿ ಯಾರು? ಫೋನ್ ಎಲ್ಲಿದೆ? ನಾಳೆಯಿಂದ ನೀನು ಈ ಕೋಟು ಹಾಕೋಹಾಗಿಲ್ಲ!”

ಕಾವಲುಗಾರ ಕೆಟಲಿಯನ್ನು ಕೆಳಗಿಟ್ಟು ಕೈ ಮುಗಿದ. “ಸಾರ್, ಇಪ್ಪತ್ತೊಂಬತ್ತು ವರ್ಷದ ಸರ್ವಿಸು… ಇನ್ನೆರಡು ವರ್ಷ ಇದೆ…”

“ಫೋನ್ ಎಲ್ಲಿ?”

“ಸಾರ್!”

ಮೂಲೆಯಲ್ಲಿದ್ದ ಲಗೇಜಿನ ರಾಶಿ ಮಾತಾಡಿತ್ತು. ಅದರೊಳಗಿಂದ ಅಲ್ಪವಿರಾಮ ಒಂದೊಂದೇ ಚೀಲ ಕಳಚಿ ಕೆಳಗಿಟ್ಟು ಹೊರಬಂದ. ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಅವನ ಬೆನ್ನು ನೆಟ್ಟಗಾಗಿತ್ತು.

“ಅವರದ್ದು ತಪ್ಪಿಲ್ಲ ಸಾರ್ ತಪ್ಪು ನನ್ನದು ಅವರು ಹದಿನೆಂಟು ಅಂತಾನೇ ಬರೆದಿದ್ರು ನಾನೇ ಕಣ್ಣಾರೆ ನೋಡಿದೀನಿ ಹಲ್ಲು ನೋವಲ್ಲಿ ನಾನೇ ಹದಿನ್ ಬಿಟ್ಟುಬಿಟ್ಟೆ ಬೆಳಿಗ್ಗೆ ವ್ಯಾನಲ್ಲೇ ಗೊತ್ತಾಯ್ತು ಹೇಳೋಕೆ ಧೈರ್ಯ ಬರಲಿಲ್ಲ.”

ಒಂದೂ ಅಲ್ಪವಿರಾಮವಿಲ್ಲದೆ ಅವನು ಮಾತಾಡಿದ್ದು ಅದೇ ಮೊದಲು. ಮಾತು ಮುಗಿದಾಗ ಎದೆ ಎಷ್ಟು ಹಗುರಾಗಿತ್ತೆಂದರೆ ನಾಲ್ಕು ಚೀಲವೂ ಅಲ್ಲೇ ಇದ್ದುವೇನೋ, ಈಗ ತಾನೇ ಇಳಿದುವೇನೋ ಅನ್ನಿಸಿತು.

ಯಜಮಾನರು ಅವನ ಹೆಬ್ಬೆರಳನ್ನೂ, ತಮ್ಮ ಎಡಗಾಲಿನ ಬೂಟನ್ನೂ ನೋಡಿದರು. ಕೋಪ ಅವರ ಮುಖದಲ್ಲಿ ಏರಿತು, ತುದಿ ಮುಟ್ಟಿತು, ಆಮೇಲೆ ಯಾಕೋ ನಿಧಾನವಾಗಿ ಇಳಿಯತೊಡಗಿತು.

“ಅದಕ್ಕೇನಾ ಚೀಲ ಹೊತ್ತಿದ್ದು? ಬೂಟು ಕೊಟ್ಟಿದ್ದು?”

“ಹೂಂ ಸಾರ್.”

“ಇನ್ನೊಬ್ಬನ ಕೆಲಸ ಹೋಗಬಾರದು ಅಂತ ಒಪ್ಕೊಂಡೆ.” ಯಜಮಾನರು ಒಂದು ಹೆಜ್ಜೆ ಮುಂದೆ ಬಂದರು. “ನನ್ನ ಪ್ರೆಸ್ಸಲ್ಲಿ ಇಂಥವನೊಬ್ಬ ಇದಾನೆ ಅಂತ ಗೊತ್ತಿರಲಿಲ್ಲ. ಇಪ್ಪತ್ತು ಸಾವಿರಾನೂ ಮತ್ತೆ ಅಚ್ಚು ಹಾಕೋಣ. ಹೋದ್ರೆ ಹೋಗ್ಲಿ. ನಿನ್ನ ಮಾತ್ರ ಬಿಡಲ್ಲ.”

ಬೈಂಡರಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. ಮೆಷಿನ್ ಮಾವನಿಗೆ ಸಲಹೆ ಕೊಡುವುದೂ ಮರೆತುಹೋಯಿತು. ಯಜಮಾನರು ಕೈ ಚಾಚಿ ಅಲ್ಪವಿರಾಮನನ್ನು ಇನ್ನೇನು ಅಪ್ಪಿಕೊಳ್ಳಬೇಕು.

“ಒಂದು ನಿಮಿಷ,” ಎಂದ ಕಾವಲುಗಾರ. ಅವನು ಇಷ್ಟು ಹೊತ್ತೂ ತಲೆ ಕೆರೆಯುತ್ತ ನಿಂತಿದ್ದ. “ಯಾವ ತಪ್ಪು?”

“ಅದೇ, ಹದಿನೆಂಟು ಹೋಗಿ ಎಂಟು ಆಗಿದ್ದು.”

“ನಾನು ಬರೆದಿದ್ದೇ ಎಂಟು. ನಾನೇ ಅಳೆದಿದೀನಿ ಸಾರ್. ಎರಡು ಸಲ.”

“ಹಾಗಾದ್ರೆ ಹದಿನೆಂಟು?” ಅಲ್ಪವಿರಾಮನ ಧ್ವನಿ ಸೊಳ್ಳೆಯದಾಗಿತ್ತು. “ನಾನೇ ದೀರ್ಘ ತೆಗೆದೆ…”

“ಓ, ಅದಾ! ಹಿಂದಗಡೆ ಇದೆ ನೋಡಿ.” ಕಾವಲುಗಾರ ಕೈಪಿಡಿ ತಿರುಗಿಸಿ, ಕೊನೆಯ ಪುಟದ ಸಣ್ಣಕ್ಷರದ ಮೇಲೆ ಬೆರಳಿಟ್ಟು ಓದಿದ. “‘ಹದಿನೆಂಟು ವರ್ಷಕ್ಕಿಂತ ಕಿರಿಯರು ಹಿರಿಯರ ಜೊತೆಯಲ್ಲೇ ಬರತಕ್ಕದ್ದು.’ ಚೆನ್ನಾಗಿ ತಿದ್ದಿದೀರಿ ಸಾರ್. ಇಡೀ ಪುಸ್ತಕದಲ್ಲಿ ಒಂದು ತಪ್ಪಿಲ್ಲ.”

“ಮತ್ತೆ ನಾವು ನಡೆದಿದ್ದು?” ಯಜಮಾನರು ಚಾಚಿದ ಕೈಗಳನ್ನು ಇಳಿಸದೆ ಕೇಳಿದರು.

“ನೀವು ಬಂದಿದ್ದು ದೊಡ್ಡ ಸುತ್ತು. ಅದು ಹತ್ತೊಂಬತ್ತೋ ಇಪ್ಪತ್ತೋ ಆಗುತ್ತೆ, ಯಾರೂ ಅಳೆದಿಲ್ಲ. ಪಳಗಿದೋರು ಎರಡು ದಿನ ಮಾಡ್ತಾರೆ, ಮಧ್ಯೆ ಡೇರೆ ಹಾಕಿ. ಸೇತುವೆ ದಾಟಿ ಎಡಕ್ಕೆ ಅಂತ ದಪ್ಪಕ್ಷರದಲ್ಲಿ ಇದೆಯಲ್ಲ. ಬಲಕ್ಕೆ ಹೋಗಿ ಅಂತ ಯಾರು ಹೇಳಿದ್ದು?”

ನಾಲ್ಕು ತಲೆಗಳು ನಿಧಾನವಾಗಿ ಒಂದೇ ಕಡೆ ತಿರುಗಿದವು.

ಅಲ್ಪವಿರಾಮನ ಬೆನ್ನು ಮತ್ತೆ ಬಾಗಿತು. ಈ ಸಲ ಪ್ರಶ್ನಾರ್ಥಕ ಚಿಹ್ನೆಯಾಗಿ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋರನ್ನ ನೋಡಿದೀನಿ,” ಅತ್ತೆಯವರು ಚಹಾ ಹೀರುತ್ತ ಹೇಳಿದರು. “ಕದೀದೇನೇ ಹೆಗಲು ತೊಳ್ಕೊಳ್ಳೋಕೆ ನಮ್ಮನ್ನೆಲ್ಲ ಬೆಟ್ಟದ ತುದಿ ತನಕ ಕರ್ಕೊಂಡು ಹೋದೋನನ್ನ ಇವತ್ತೇ ನೋಡಿದ್ದು.”

ಯಜಮಾನರು ಕೂತರು. ಎದ್ದರು. ಮತ್ತೆ ಕೂತರು. “ನೀನು ತಪ್ಪು ಮಾಡಿದ್ದಕ್ಕೆ ಈಗ ತಾನೇ ಕ್ಷಮಿಸಿದೆ,” ಎಂದರು ಕೊನೆಗೆ. “ಸರಿಯಾಗಿ ಮಾಡಿದ್ದಕ್ಕೆ ಏನು ಮಾಡ್ಬೇಕು ಅಂತ ಹೊಳೀತಿಲ್ಲ.”

“ಒದೀರಿ,” ಎಂದ ಮೆಷಿನ್ ಮಾವ. ಅವನಿಗೆ ಮಾತು ವಾಪಸು ಬಂದಿತ್ತು.

“ಒದೀಬಹುದಿತ್ತು. ಕಾಲು ಎತ್ತೋಕೆ ಆಗ್ತಿಲ್ಲ.”

ಕೆಲಸ ಉಳಿಸಿಕೊಂಡ ಕಾವಲುಗಾರನಿಗೆ ಅಲ್ಪವಿರಾಮನ ಮೇಲೆ ಕರುಣೆ ಬಂತು. ತನಗಾಗಿ ತಲೆ ಕೊಡಲು ಬಂದ ಮನುಷ್ಯ. ಏನಾದರೂ ಉಪಕಾರ ಮಾಡಬೇಕು. ಸ್ವಲ್ಪ ಯೋಚಿಸಿ ಅವನು ಯಜಮಾನರ ಕಡೆ ತಿರುಗಿದ.

“ಸಾರ್, ದೊಡ್ಡ ಸುತ್ತಿಗೂ ಒಂದು ಕೈಪಿಡಿ ಆಗಬೇಕು ಅಂತ ಮೇಲಿನೋರು ಎರಡು ವರ್ಷದಿಂದ ಹೇಳ್ತಿದಾರೆ. ನನ್ನ ಮಂಡಿ ಕೈಲಾಗಲ್ಲ ಅನ್ನುತ್ತೆ. ಬರೆಯೋಕೆ ಬರೋರು ನಡೆಯಲ್ಲ, ನಡೆಯೋರಿಗೆ ಬರೆಯೋಕೆ ಬರಲ್ಲ. ಇವರ ಹಾಗೆ ಪ್ರತಿ ಹೆಜ್ಜೇಲೂ ಅನುಮಾನ ಪಡೋರು ಸಿಕ್ಕಿದ್ರೆ ಎಷ್ಟು ಒಳ್ಳೇದು. ಅಚ್ಚು ನಿಮ್ಮಲ್ಲೇ ಹಾಕಿಸ್ಬಹುದು.”

ಯಜಮಾನರ ಕಣ್ಣಿನಲ್ಲಿ ಒಲೆಯ ಬೆಳಕಿಗಿಂತ ಹೆಚ್ಚಿನದೊಂದು ಬೆಳಕು ಹತ್ತಿಕೊಂಡಿತು. “ಎಷ್ಟು ಪ್ರತಿ?”

“ಮೂವತ್ತು ಸಾವಿರ ಅಂತಿದ್ರು.”

“ಮುಂದಿನ ಭಾನುವಾರ,” ಯಜಮಾನರು ಅಲ್ಪವಿರಾಮನತ್ತ ನೋಡದೆಯೇ ಹೇಳಿದರು. “ಪೂರ್ತಿ ಸುತ್ತು. ಅಳೆದು ಬರೀಬೇಕು. ಒಂದು ಮೀಟರ್ ಹೆಚ್ಚುಕಮ್ಮಿ ಆಗೋಹಾಗಿಲ್ಲ.”

“ಸಾರ್, ಕಾಲು, ನೋಡಿ, ನನ್ನ…”

“ಅದಕ್ಕೇ ಅಲ್ವಾ ಒಂದು ವಾರ ಟೈಮ್ ಕೊಡ್ತಿರೋದು?”

ಅತ್ತೆಯವರು ಲೋಟ ಕೆಳಗಿಟ್ಟರು. “ನಾನೂ ಬರ್ತೀನಿ. ಇವತ್ತು ನಿಮ್ಮ ಗೋಳಿನಲ್ಲಿ ಆ ಮೂರನೇ ಜಲಪಾತ ಸರಿಯಾಗಿ ನೋಡೋಕೇ ಆಗಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ನಿನ್ನ ಮನೆ ಬಾಗಿಲಲ್ಲಿರ್ತೀನಪ್ಪ.”

ಕಾವಲುಗಾರ ಸಂತೋಷದಿಂದ ಒಳಕೋಣೆಗೆ ಹೋಗಿ, ಉದ್ದ ಹಿಡಿಯ ಅಳತೆಯ ಚಕ್ರವೊಂದನ್ನು ತಂದು, ಧೂಳೊರೆಸಿ, ಅಲ್ಪವಿರಾಮನ ಕೈಗಿಟ್ಟ. ಉರುಳಿಸಿಕೊಂಡು ನಡೆದರೆ ಮೀಟರಿಗೊಮ್ಮೆ ಟಕ್ಕೆಂದು ಒಂದು ಅಂಕಿ ಮುಂದೆ ಹೋಗುವ ಚಕ್ರ.

ವ್ಯಾನು ಬೆಟ್ಟ ಇಳಿಯುವಾಗ ಎಲ್ಲರೂ ಬಾಯಿ ತೆರೆದು ನಿದ್ದೆ ಹೋಗಿದ್ದರು, ಓಡಿಸುತ್ತಿದ್ದ ಮೆಷಿನ್ ಮಾವನೊಬ್ಬನನ್ನು ಬಿಟ್ಟು. ಅಲ್ಪವಿರಾಮ ಚಕ್ರವನ್ನು ತೊಡೆಯ ಮೇಲೆ ಅಡ್ಡ ಹಿಡಿದು ಕೂತಿದ್ದ. ರಸ್ತೆಯ ಪ್ರತಿ ಕುಲುಕಾಟಕ್ಕೂ ಅದು ತಾನಾಗಿ ತಿರುಗಿ ಟಕ್ ಎನ್ನುತ್ತಿತ್ತು. ಊರು ಮುಟ್ಟುವ ಹೊತ್ತಿಗೆ, ಇನ್ನೂ ಹೊರಡುವ ಮೊದಲೇ, ಅದು ನಲವತ್ತೊಂದು ಮೀಟರ್ ತೋರಿಸುತ್ತಿತ್ತು.

ಅವನು ಕನ್ನಡಕ ಸರಿಮಾಡಿಕೊಂಡು, ಅದನ್ನು ಜೋಪಾನವಾಗಿ ಸೊನ್ನೆಗೆ ತಂದಿಟ್ಟ.